ನಟನ ಏಕಾಗ್ರತೆ: ಮೈಮರೆವೋ, ಎಚ್ಚರವೋ?

ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಎಷ್ಟು ಕಷ್ಟವೆಂಬುದನ್ನು ಜಪಮಾಲೆ ಹಿಡಿದು ಕುಳಿತ ಯಾವ ಶ್ರಾವಕನಿಗೂ ಬೇರೆಯವರು ತಿಳಿಸಬೇಕಾಗಿಲ್ಲ. ಬೆರಳು ನೂರೆಂಟನೆಯ ಮಣಿಯನ್ನು ತಲುಪುವಷ್ಟರಲ್ಲಿ ಮನಸ್ಸು ಅಂಗಡಿಗೂ, ಹತ್ತಿಯ ಧಾರಣೆಗೂ, ಮಗಳ ಮದುವೆಯ ಮಾತುಕತೆಗೂ ಹೋಗಿ ಬಂದಿರುತ್ತದೆ. ಏಕಾಂತದಲ್ಲಿ ಕಣ್ಣು ಮುಚ್ಚಿ ಕುಳಿತವನ ಪಾಡೇ ಇದಾದರೆ, ನೂರಾರು ಕಣ್ಣುಗಳ ಎದುರಿಗೆ, ದೀಪದ ಬೆಳಕಿನಲ್ಲಿ, ತನ್ನದಲ್ಲದ ಹೆಸರನ್ನೂ ತನ್ನದಲ್ಲದ ದುಃಖವನ್ನೂ ಹೊತ್ತು ನಿಲ್ಲುವ ನಟನ ಪಾಡೇನು? ನಾಟಕವನ್ನು ಕಲಿಸುವ ಗುರುಗಳು ತಮ್ಮ ವಿದ್ಯಾರ್ಥಿಗಳಿಗೆ ಮೊದಲು ಕಲಿಸಲು ಹೆಣಗುವುದು ಈ ಏಕಾಗ್ರತೆಯನ್ನೇ.

ಇದು ರಂಗಭೂಮಿಯವರ ಕಸುಬಿನ ಮಾತು, ನಮಗೇಕೆ ಎಂದು ಸಮಾಜದವರು ಸುಮ್ಮನಿರುವಂತಿಲ್ಲ. ಮಹಾವೀರ ಜಯಂತಿಯಲ್ಲಿ, ದಶಲಕ್ಷಣ ಪರ್ವದಲ್ಲಿ ಪಾಠಶಾಲೆಯ ಮಕ್ಕಳಿಂದ ಪುರಾಣಕಥೆಗಳನ್ನು ಆಡಿಸುವ ರೂಢಿ ಎಲ್ಲೆಡೆ ಇದೆ. ಪಂಚಕಲ್ಯಾಣ ಮಹೋತ್ಸವದಲ್ಲಂತೂ ದೊಡ್ಡವರೇ ಇಂದ್ರರೂ ಇಂದ್ರಾಣಿಯರೂ ಆಗಿ ವೇದಿಕೆ ಏರುತ್ತಾರೆ. ಹೀಗಿರುವಾಗ ನಟನ ಏಕಾಗ್ರತೆ ಎಂಬುದು ಎಂತಹ ವಸ್ತು, ಅದು ಆತ್ಮಕ್ಕೆ ಹಿತವೋ ಅಹಿತವೋ ಎಂಬ ವಿಚಾರವು ನಮ್ಮ ಮನೆಯ ವಿಚಾರವೇ ಆಗಿದೆ.

ರಾಯಚೂರು, ದೇವದುರ್ಗ, ಮಾನ್ವಿ ಸೀಮೆಯಲ್ಲಿ ನಾಟಕದ ಹುಚ್ಚು ಇಂದಿಗೂ ಅಳಿದಿಲ್ಲ. ರಾಯಚೂರು ನಗರದಲ್ಲಿ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿನ ರಂಗಮಂದಿರವಿದೆ. ಹಳ್ಳಿಗಳಲ್ಲಿ ಜಾತ್ರೆಯ ಬಯಲೇ ರಂಗಮಂದಿರ. ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್‌ನಂತಹ ಊರುಗಳ ಸುತ್ತಿನಲ್ಲಿ, ಹಗಲು ಹತ್ತಿಯ ಹೊಲದಲ್ಲಿಯೋ ನೆಲ್ಲಿನ ಗದ್ದೆಯಲ್ಲಿಯೋ ದುಡಿದ ಯುವಕರು ಇರುಳು ತಾಲೀಮಿಗೆ ಕೂಡುತ್ತಾರೆ. ಮಾಸ್ತರರು ಪುಸ್ತಕ ಹಿಡಿದು ಮಾತು ಹೇಳಿಕೊಡುತ್ತಾರೆ, ಪೇಟಿಯವರು ಹಾಡು ಕೂಡಿಸುತ್ತಾರೆ. ತಾಲೀಮಿನಲ್ಲಿ ಗುಡುಗಿದ ಭೀಮನು ಜಾತ್ರೆಯ ರಾತ್ರಿ ಪರದೆ ಮೇಲೇಳುತ್ತಲೇ ಮಾತು ಮರೆಯುತ್ತಾನೆ. ಮುಂದಿನ ಸಾಲಿನಲ್ಲಿ ಬೀಗರು ಕುಳಿತಿದ್ದಾರೆ, ಹಿಂದಿನಿಂದ ಗೆಳೆಯರು ಹೆಸರು ಹಿಡಿದು ಕೂಗುತ್ತಿದ್ದಾರೆ, ಧ್ವನಿವರ್ಧಕ ಕಿರುಗುಟ್ಟುತ್ತಿದೆ. ಇವೆಲ್ಲದರ ನಡುವೆ ಬಕ್ಷೀಸಿನ ಘೋಷಣೆ ಬೇರೆ. ಸ್ಮಶಾನದಲ್ಲಿ ಮಗನ ಶವದೆದುರು ಗೋಳಿಡುತ್ತಿರುವ ಚಂದ್ರಮತಿಗೆ ಇಂಥವರಿಂದ ಐವತ್ತೊಂದು ರೂಪಾಯಿ ಎಂದು ಮೈಕಿನಲ್ಲಿ ಕೂಗಿದರೆ, ಆಕೆ ಅಳು ನಿಲ್ಲಿಸಿ, ಕೊಟ್ಟವರಿಗೆ ಕೈಮುಗಿದು, ಪುನಃ ಅಳಬೇಕು.

ಪಟ್ಟಣದವರು ಇದನ್ನು ಕಂಡು ನಗುತ್ತಾರೆ. ಆದರೆ ಸ್ವಲ್ಪ ನಿಂತು ಯೋಚಿಸಿದರೆ ನಗು ಬಾರದು. ಅಳುವಿನಿಂದ ನಮಸ್ಕಾರಕ್ಕೂ ನಮಸ್ಕಾರದಿಂದ ಅಳುವಿಗೂ ಅರೆ ನಿಮಿಷದಲ್ಲಿ ಮರಳಬಲ್ಲ ಆ ಕಲಾವಿದೆಯ ಮನಸ್ಸು ಎಲ್ಲಿ ನಿಂತಿತ್ತು? ಅವಳು ದುಃಖದಲ್ಲಿ ಮುಳುಗಿಹೋಗಿದ್ದರೆ ಕೈಮುಗಿಯಲು ಆಗುತ್ತಿರಲಿಲ್ಲ. ದುಃಖವನ್ನು ಹೊರಗಿನಿಂದ ಮಾತ್ರ ತೋರಿಸುತ್ತಿದ್ದರೆ, ಎರಡನೆಯ ಸಲ ಅವಳು ಅತ್ತಾಗ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರಲಿಲ್ಲ. ಅವಳಲ್ಲಿ ಬೇರೊಂದು ಶಕ್ತಿ ಕೆಲಸ ಮಾಡುತ್ತಿದೆ. ಅದಕ್ಕೆ ಹೆಸರಿಡುವುದೇ ಕಷ್ಟ.

ನಾವು ಸಾಮಾನ್ಯವಾಗಿ ಒಳ್ಳೆಯ ನಟನನ್ನು ಹೊಗಳುವುದು ಒಂದೇ ಮಾತಿನಿಂದ: “ಮೈಮರೆತು ಅಭಿನಯಿಸಿದ.” ಮಾಸ್ತರರೂ ಹುಡುಗರಿಗೆ ಹೇಳುವುದು ಅದನ್ನೇ: ಮಂದಿಯನ್ನು ಮರೆ, ನಿನ್ನನ್ನೂ ಮರೆ, ಪಾತ್ರವೇ ಆಗಿಬಿಡು. ಈ ಉಪದೇಶವು ಜೈನ ದೃಷ್ಟಿಯಿಂದ ಪರೀಕ್ಷೆಗೆ ಯೋಗ್ಯವಾದುದು.

ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಧ್ಯಾನಕ್ಕೆ ಕೊಟ್ಟಿರುವ ಲಕ್ಷಣವು ಬಹಳ ಬಿಗಿಯಾದುದು. ಚಿಂತನೆಯನ್ನು ಹಲವೆಡೆಯಿಂದ ತಡೆದು ಒಂದೇ ವಿಷಯದಲ್ಲಿ ನಿಲ್ಲಿಸುವುದು ಧ್ಯಾನ. ದೃಢವಾದ ದೇಹಬಲ ಉಳ್ಳವನಿಗೂ ಅದು ಅಂತರ್ಮುಹೂರ್ತಕ್ಕಿಂತ, ಎಂದರೆ 48 ನಿಮಿಷಗಳ ಒಳಗಿನ ಅವಧಿಗಿಂತ, ಹೆಚ್ಚು ನಿಲ್ಲದು. ಗಮನಿಸಬೇಕಾದುದು ಮುಂದಿನ ಮಾತು. ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ಧ್ಯಾನವು ನಾಲ್ಕು ಬಗೆ. ಇವುಗಳಲ್ಲಿ ಕೊನೆಯ ಎರಡು ಮಾತ್ರ ಮೋಕ್ಷಕ್ಕೆ ಕಾರಣ. ಅಂದರೆ ಏಕಾಗ್ರತೆ ಎಂದಾಕ್ಷಣ ಅದು ಒಳ್ಳೆಯದೆಂದು ನಮ್ಮ ಆಚಾರ್ಯರು ಒಪ್ಪಲಿಲ್ಲ. ಕೆರೆಯ ಅಂಚಿನಲ್ಲಿ ಒಂಟಿಗಾಲಿನಲ್ಲಿ ನಿಂತ ಬಕಪಕ್ಷಿಗೂ ಏಕಾಗ್ರತೆ ಇದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಜೇಬಿಗೆ ಕತ್ತರಿ ಹಾಕುವವನಿಗೂ ಇದೆ. ಹಿಂಸೆಯಲ್ಲಿ, ಸುಳ್ಳಿನಲ್ಲಿ, ಕಳವಿನಲ್ಲಿ, ಸಂಗ್ರಹದಲ್ಲಿ ಆನಂದಪಡುತ್ತ ಮನಸ್ಸು ನೆಟ್ಟರೆ ಅದು ರೌದ್ರಧ್ಯಾನ. ಹಾಗಾದರೆ ರಾತ್ರಿಯಿಡೀ ದುರ್ಯೋಧನನಾಗಿ ಹಲ್ಲು ಕಡಿದ ರೈತನ ಮಗನು ರೌದ್ರಧ್ಯಾನವನ್ನು ಆಚರಿಸಿದನೇ? ಪಾರ್ಶ್ವನಾಥರ ಮೇಲೆ ಉಪಸರ್ಗ ಮಾಡುವ ಕಮಠನ ಪಾತ್ರವನ್ನು ತಮ್ಮ ಮನೆಯ ಹುಡುಗನಿಗೆ ಕೊಡಬೇಡಿರೆಂದು ಪಾಠಶಾಲೆಗೆ ಬಂದು ಹೇಳುವ ತಾಯಂದಿರ ಅಂಜಿಕೆಯೂ ಇದೇ. ಅದನ್ನು ಮೌಢ್ಯವೆಂದು ತಳ್ಳಿಹಾಕಲಾಗದು.

ಈ ಅಂಜಿಕೆಗೆ ಆಧಾರವಾಗುವ ಒಂದು ಚರಿತ್ರೆ ಉತ್ತರ ಭಾರತದ ದಿಗಂಬರ ಸಮಾಜದಲ್ಲಿ ಮನೆಮಾತಾಗಿದೆ. ನಮ್ಮ ಕಡೆ ಅದನ್ನು ಬಲ್ಲವರು ಕಡಿಮೆ. ಸುಮಾರು 17ನೆಯ ಶತಮಾನದ ಆರಂಭದಲ್ಲಿ ಫಿರೋಜಾಬಾದಿನ ಸಮೀಪದ ಪ್ರದೇಶದಲ್ಲಿ ಬ್ರಹ್ಮಗುಲಾಲನೆಂಬ ಜೈನ ಕವಿ ಇದ್ದನು. ವೇಷ ಹಾಕುವುದರಲ್ಲಿ ಅವನಿಗೆ ಸರಿಸಾಟಿಯಿಲ್ಲ. ಯಾವ ವೇಷ ಧರಿಸಿದರೂ ಅದೇ ಆಗಿಬಿಡುತ್ತಾನೆಂಬ ಕೀರ್ತಿ ರಾಜಸಭೆಯವರೆಗೂ ಹಬ್ಬಿತ್ತು. ಅಸೂಯೆಪಟ್ಟ ಕೆಲವರು ಅವನಿಂದ ಸಿಂಹದ ವೇಷ ಹಾಕಿಸಬೇಕೆಂದು ರಾಜಕುಮಾರನಿಗೆ ಹೇಳಿಕೊಟ್ಟರು. ಶ್ರಾವಕನಾದವನು ಸಿಂಹವಾದರೆ ಕೊಲ್ಲಬೇಕು. ಕೊಲ್ಲದಿದ್ದರೆ ವೇಷ ಸೋತಂತೆ. ಎರಡರಲ್ಲಿ ಒಂದು ಕೆಡುವುದು ಖಂಡಿತವೆಂಬುದು ಅವರ ಲೆಕ್ಕ. ಬ್ರಹ್ಮಗುಲಾಲನು ಸಿಂಹವಾಗಿ ಸಭೆಗೆ ಬಂದನು. ಎದುರಿಗೆ ಆಡಿನ ಮರಿಯೊಂದನ್ನು ಕಟ್ಟಿದ್ದರು. ಅವನು ಅದನ್ನು ಮುಟ್ಟದೆ ನಿಂತಾಗ ರಾಜಕುಮಾರನು, ನೀನು ಸಿಂಹವಲ್ಲ, ನರಿ ಎಂದು ಹಂಗಿಸಿದನು. ಆ ಮಾತು ಬಿದ್ದದ್ದು ನಟನ ಕಿವಿಗಲ್ಲ, ಸಿಂಹದ ಕಿವಿಗೆ. ಅದು ನೆಗೆಯಿತು. ಒಂದೇ ಏಟಿಗೆ ರಾಜಕುಮಾರನು ಸತ್ತುಬಿದ್ದನು.

ಇಲ್ಲಿ ಏಕಾಗ್ರತೆಗೆ ಕೊರತೆಯೆಲ್ಲಿದೆ? ಯಾವ ನಾಟಕಶಾಲೆಯ ಗುರುವೂ ಇದಕ್ಕಿಂತ ಹೆಚ್ಚನ್ನು ಬೇಡಲಾರನು. ಮಂದಿಯನ್ನು ಮರೆತ, ತನ್ನನ್ನೂ ಮರೆತ, ಪಾತ್ರವೇ ಆದ. ಮಾಸ್ತರರ ಉಪದೇಶವನ್ನು ಅಕ್ಷರಶಃ ಪಾಲಿಸಿದ ಫಲ ಒಂದು ಹೆಣ. ಪ್ರಮಾದದಿಂದ ಕೂಡಿದ ಮನೋವಾಕ್ಕಾಯಗಳಿಂದ ಪ್ರಾಣಕ್ಕೆ ಕೇಡಾಗುವುದೇ ಹಿಂಸೆ ಎಂದು ತತ್ತ್ವಾರ್ಥಸೂತ್ರವು ಹೇಳುವಾಗ, ಪ್ರಮಾದವೆಂದರೆ ಸೋಮಾರಿತನವೆಂದೋ ಅಜಾಗ್ರತೆಯೆಂದೋ ಮಾತ್ರ ತಿಳಿಯುವ ವಾಡಿಕೆಯಿದೆ. ಬ್ರಹ್ಮಗುಲಾಲನ ಪ್ರಸಂಗವು ಅದರ ಇನ್ನೊಂದು ಮುಖವನ್ನು ತೋರಿಸುತ್ತದೆ. ಅತ್ಯಂತ ತೀವ್ರವಾದ ತನ್ಮಯತೆಯೂ ಪ್ರಮಾದವಾಗಬಲ್ಲದು. (ಹಂಗಿಸಿದವರ ಪಾಲೂ ಇಲ್ಲಿ ಸಣ್ಣದಲ್ಲ. ನಟನನ್ನು ಕೆಣಕಿ ಮೋಜು ನೋಡುವ ಪ್ರೇಕ್ಷಕರು ಎಲ್ಲ ಕಾಲದಲ್ಲಿಯೂ ಇದ್ದಾರೆ. ಜಾತ್ರೆಯ ಹಿಂದಿನ ಸಾಲಿನಲ್ಲಿ ಅವರನ್ನು ಈಗಲೂ ಕಾಣಬಹುದು.)

ಚರಿತ್ರೆಯು ಇಷ್ಟಕ್ಕೆ ಮುಗಿಯುವುದಿಲ್ಲ. ಮಗನನ್ನು ಕಳೆದುಕೊಂಡ ರಾಜನು ಆ ಬಳಿಕ ಬ್ರಹ್ಮಗುಲಾಲನಿಗೆ ದಿಗಂಬರ ಮುನಿಯ ವೇಷದಲ್ಲಿ ಬಂದು ತನ್ನ ಶೋಕವನ್ನು ಶಮನಗೊಳಿಸುವಂತೆ ಆಜ್ಞಾಪಿಸಿದನು. ಅವನು ಈ ಸಲ ಕೂಡಲೇ ಬಣ್ಣಕ್ಕೆ ಕೈಹಾಕಲಿಲ್ಲ. ಕಾಲಾವಕಾಶ ಕೇಳಿದನು, ಬಾರಹ ಭಾವನೆಗಳನ್ನು ಚಿಂತಿಸಿದನು, ಮನೆಯವರೊಂದಿಗೆ ಮಾತಾಡಿದನು, ಜಿನಬಿಂಬದ ಎದುರು ವ್ರತ ಸ್ವೀಕರಿಸಿದನು. ಪಿಂಛಿ ಕಮಂಡಲುಗಳೊಂದಿಗೆ ಸಭೆಗೆ ಬಂದು ಸಂಸಾರದ ಸ್ವರೂಪವನ್ನು ರಾಜನಿಗೆ ಬೋಧಿಸಿದನು. ರಾಜನು ಸಮಾಧಾನಗೊಂಡು, ಮೆಚ್ಚಿ, ಇನ್ನು ವೇಷ ಕಳಚಬಹುದೆಂದನು. ಈ ವೇಷವು ಒಮ್ಮೆ ಧರಿಸಿದರೆ ಕಳಚುವಂಥದಲ್ಲವೆಂದು ತಿಳಿಸಿ ಮುನಿಗಳು ಕಾಡಿಗೆ ನಡೆದರು. ಅವರನ್ನು ಮರಳಿ ಕರೆತರಲು ಹೋದ ಗೆಳೆಯ ಮಥುರಾಮಲ್ಲನೂ ಹಿಂದಿರುಗಲಿಲ್ಲ, ಕ್ಷುಲ್ಲಕನಾದನು.

ಒಬ್ಬನೇ ನಟ, ಅದೇ ಶಕ್ತಿ. ಒಮ್ಮೆ ಅದು ಪ್ರಾಣ ತೆಗೆಯಿತು, ಒಮ್ಮೆ ತನ್ನನ್ನೂ ಇನ್ನೊಬ್ಬನನ್ನೂ ದಾರಿಗೆ ಹಚ್ಚಿತು. ಪಾತ್ರ ಒಳ್ಳೆಯದಾದುದರಿಂದ ಫಲ ಒಳ್ಳೆಯದಾಯಿತೆಂದು ಕೆಲವರು ಹೇಳುವರು. ಅದು ಅರ್ಧ ಸತ್ಯ. ಎರಡನೆಯ ಪಾತ್ರಕ್ಕೆ ಅವನು ಹೋದ ಬಗೆಯೇ ಬೇರೆ. ಸಿಂಹದ ಸಲ ಅವನು ಪಾತ್ರದೊಳಗೆ ಬಿದ್ದನು; ಮುನಿಯ ಸಲ ನಡೆದು ಹೋದನು, ಒಂದೊಂದು ಹೆಜ್ಜೆಯನ್ನೂ ಅರಿತು. ಶ್ವೇತಾಂಬರ ಪರಂಪರೆಯಲ್ಲಿ ಆಷಾಢಭೂತಿಯ ಕಥೆ ಇದಕ್ಕೆ ಹತ್ತಿರವಾದುದು. ಮುನಿತ್ವವನ್ನು ಬಿಟ್ಟು ನಟರ ಮನೆಯ ಅಳಿಯನಾದವನು, ಕನ್ನಡಿಯ ಮಂಟಪದಲ್ಲಿ ನಿಂತ ಭರತ ಚಕ್ರವರ್ತಿಯನ್ನು ಅಭಿನಯಿಸುತ್ತಿರುವಾಗಲೇ ಕೇವಲಜ್ಞಾನವನ್ನು ಪಡೆದನು. ಅಭಿನಯವೇ ಪಾಪವೆಂದು ಹೇಳುವವರು ಈ ಕಥೆಗೆ ಉತ್ತರ ಕೊಡಬೇಕಾಗುತ್ತದೆ.

ಭರತನ ಹೆಸರು ಬಂದಾಗ ನಮ್ಮ ಮನೆಗಳಲ್ಲಿ ಅಜ್ಜಿಯರು ಹೇಳುವ ಎಣ್ಣೆಯ ಬಟ್ಟಲಿನ ಕಥೆ ನೆನಪಾಗದೆ ಇರದು. ಷಟ್ಖಂಡವನ್ನಾಳುವವನು ವಿರಾಗಿಯಾಗಿರುವುದು ಹೇಗೆ ಸಾಧ್ಯವೆಂದು ಶಂಕಿಸಿದವನ ಕೈಗೆ ಭರತನು ತುಂಬಿದ ಎಣ್ಣೆಯ ಬಟ್ಟಲನ್ನು ಕೊಟ್ಟು, ಕತ್ತಿ ಹಿಡಿದ ಭಟರನ್ನು ಹಿಂದೆ ಕಳಿಸಿ, ನಗರವನ್ನು ಸುತ್ತಿ ಬರುವಂತೆ ಹೇಳಿದನು. ಒಂದು ಹನಿ ಚೆಲ್ಲಿದರೆ ತಲೆ ಹಾರುವುದು. ಬೀದಿಯಲ್ಲಿ ನೃತ್ಯ, ವಾದ್ಯ, ಅಂಗಡಿಗಳ ಸಾಲು. ತಿರುಗಿ ಬಂದವನಿಗೆ ಏನು ಕಂಡೆ ಎಂದರೆ ಬಟ್ಟಲಿನ ಹೊರತು ಏನೂ ಕಂಡಿರಲಿಲ್ಲ. ಅರಮನೆಯಲ್ಲಿ ತಾನೂ ಹೀಗೆಯೇ ಇರುವೆನೆಂದನು ಚಕ್ರವರ್ತಿ.

ಸೋಜಿಗವೆಂದರೆ, ಇದನ್ನೇ ಹೋಲುವ ಕಥೆಯೊಂದು ರಷ್ಯಾದ ಸ್ಟಾನಿಸ್ಲಾವ್‌ಸ್ಕಿಯ ಗ್ರಂಥದಲ್ಲಿ ದೊರೆಯುತ್ತದೆ. 1898ರಲ್ಲಿ ಮಾಸ್ಕೋ ಕಲಾ ರಂಗಭೂಮಿಯನ್ನು ಸ್ಥಾಪಿಸಿದವರಲ್ಲಿ ಒಬ್ಬನಾದ ಆತನು ನಟನ ತರಬೇತಿಯನ್ನು ಕುರಿತು ಬರೆದ ಪುಸ್ತಕವು 1936ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಮಂತ್ರಿಯನ್ನು ಆರಿಸಬೇಕಾದ ಮಹಾರಾಜನೊಬ್ಬನು ತುಂಬಿದ ಹಾಲಿನ ಪಾತ್ರೆಯನ್ನು ಹಿಡಿದು ಕೋಟೆಯ ಗೋಡೆಯ ಮೇಲೆ ಸುತ್ತಿ ಬರುವ ಪರೀಕ್ಷೆಯನ್ನೊಡ್ಡಿದ ಕಥೆಯನ್ನು ಅವನು ಏಕಾಗ್ರತೆಯ ಪಾಠದಲ್ಲಿ ತರುತ್ತಾನೆ. ಭಾರತದ ಕಥೆಯೇ ಸಮುದ್ರ ದಾಟಿ ಹೋಗಿ ನಟರ ಪಾಠವಾಯಿತು. ಮೊದಲು ಮೇಜಿನ ಮೇಲಿನ ಒಂದು ಸಣ್ಣ ಬೆಳಕಿನ ವೃತ್ತ, ಅನಂತರ ಸ್ವಲ್ಪ ದೊಡ್ಡದು, ಆಮೇಲೆ ಇಡೀ ಕೋಣೆ, ಹೀಗೆ ಗಮನವನ್ನು ಹಿಗ್ಗಿಸುತ್ತ ಕುಗ್ಗಿಸುತ್ತ ಅಭ್ಯಾಸ ಮಾಡಬೇಕೆಂಬುದು ಅವನ ಕ್ರಮ. ಗಮನ ಚೆದುರಿದರೆ ಪುನಃ ಸಣ್ಣ ವೃತ್ತಕ್ಕೆ ಹಿಂದಿರುಗಬೇಕು. ಜಪದಲ್ಲಿ ಮನಸ್ಸು ಓಡಿದಾಗ ಮತ್ತೆ ಬೆರಳಿನ ಮಣಿಗೆ ಬರುವುದಕ್ಕೂ ಇದಕ್ಕೂ ಅಭ್ಯಾಸದ ಮಟ್ಟಿಗೆ ಭೇದವಿಲ್ಲ.

ಆದರೂ ಬಟ್ಟಲಿನ ದೃಷ್ಟಾಂತವು ನಟನಿಗೆ ಪೂರ್ತಿ ಒಪ್ಪುವುದಿಲ್ಲ. ಬಟ್ಟಲು ಹಿಡಿದವನು ಬೀದಿಯನ್ನು ನೋಡಲಿಲ್ಲ. ನಟನಾದರೋ ಎದುರಿನ ಪಾತ್ರಧಾರಿಯನ್ನು ನೋಡಲೇಬೇಕು. ಅವನ ಮಾತನ್ನು ಇಂದೇ ಮೊದಲ ಸಲ ಕೇಳುತ್ತಿರುವಂತೆ ಕೇಳಬೇಕು, ಅವನು ಮಾತು ತಪ್ಪಿದರೆ ಸಾವರಿಸಬೇಕು, ಎತ್ತಿದ ಗದೆ ಗೆಳೆಯನ ತಲೆಗೆ ತಾಗದಂತೆ ಇಳಿಸಬೇಕು. ಹಳ್ಳಿಯ ನಾಟಕದಲ್ಲಿ ಮಾತು ಮರೆತ ಭೀಮನನ್ನು ಕಾಪಾಡುವವನು ಹೆಚ್ಚಾಗಿ ಎದುರಿಗಿದ್ದ ದುರ್ಯೋಧನನೇ. ನಾಟಕದಲ್ಲಿ ಹಗೆ, ನಡೆಯಲ್ಲಿ ಕರುಣೆ. ಬ್ರಹ್ಮಗುಲಾಲನ ಸಿಂಹದಲ್ಲಿ ಇಲ್ಲದೆ ಹೋದದ್ದು ಇದೇ. ಆದುದರಿಂದ ವಿದ್ಯಾರ್ಥಿಗೆ “ನಿನ್ನನ್ನು ಮರೆ” ಎಂದು ಕಲಿಸುವ ಬದಲು “ಎದುರಿನವನನ್ನು ಮರೆಯಬೇಡ” ಎಂದು ಕಲಿಸುವುದು ನಾಟಕಕ್ಕೂ ಒಳ್ಳೆಯದು, ಅಹಿಂಸೆಗೂ ಹತ್ತಿರವಾದುದು. ನಟನು ಏನನ್ನೂ ಅನುಭವಿಸಬಾರದು, ತಣ್ಣಗಿರಬೇಕು ಎಂದು ಫ್ರಾನ್ಸಿನ ದಿದೆರೋ ವಾದಿಸಿದ್ದುಂಟು. ಅದು ಇನ್ನೊಂದು ಅತಿ. ಅನುಭವಿಸದವನ ಅಳುವಿಗೆ ಹಿರೇಕೊಟ್ನೆಕಲ್ಲಿನ ಹೆಂಗಸರು ಕಣ್ಣೊರೆಸಿಕೊಳ್ಳಲಾರರು.

ಅನುಭವಿಸಿಯೂ ಅಂಟಿಸಿಕೊಳ್ಳದೆ ಇರುವ ಸ್ಥಿತಿಗೆ ಸಮಯಸಾರದಲ್ಲಿ ಕುಂದಕುಂದಾಚಾರ್ಯರು ಒಂದು ದೃಷ್ಟಾಂತವನ್ನು ಕೊಡುತ್ತಾರೆ. ಇನ್ನೊಬ್ಬರ ಕಾರ್ಯವನ್ನು ಪೂರ್ತಿಯಾಗಿ ನಡೆಸುವವನು ಅದಕ್ಕೆ ಒಡೆಯನಾಗುವುದಿಲ್ಲ. ವ್ಯಾಪಾರಸ್ಥರಿಗೆ ಇದನ್ನು ವಿವರಿಸಬೇಕೆ? ಅಡತಿ ಅಂಗಡಿಯ ಮುನೀಮನು ಲಕ್ಷಾಂತರ ರೂಪಾಯಿಗಳ ಕಿರ್ದಿ ಬರೆಯುತ್ತಾನೆ. ತೂಕದಲ್ಲಿ ಒಂದು ಕಿಲೋ ಹೆಚ್ಚುಕಡಿಮೆಯಾದರೆ ತನ್ನದೇ ಹೋದಂತೆ ವಾದಿಸುತ್ತಾನೆ. ಸಂಜೆ ಗಲ್ಲಾಪೆಟ್ಟಿಗೆಯ ಕೀಲಿಯನ್ನು ಸಾಹುಕಾರರ ಕೈಗಿತ್ತು ಸೈಕಲ್ ಏರಿ ಮನೆಗೆ ಹೋಗುತ್ತಾನೆ. ಅವನ ಏಕಾಗ್ರತೆ ಒಡೆಯನ ಏಕಾಗ್ರತೆಗಿಂತ ಕಡಿಮೆಯದೇನಲ್ಲ, ಬಹಳ ಸಲ ಹೆಚ್ಚಿನದು. ಆದರೆ ಲಾಭನಷ್ಟದ ಸುಡುವಿಕೆ ಅವನನ್ನು ಮನೆಯವರೆಗೆ ಹಿಂಬಾಲಿಸುವುದಿಲ್ಲ. ಇದೇ ಸಮಯಸಾರಕ್ಕೆ ಅಮೃತಚಂದ್ರಾಚಾರ್ಯರು ಬರೆದ ಆತ್ಮಖ್ಯಾತಿ ಟೀಕೆಯಲ್ಲಿ ಜೀವ, ಅಜೀವ, ಆಸ್ರವ ಮೊದಲಾದ ತತ್ತ್ವಗಳು ವೇಷ ಧರಿಸಿ ರಂಗವನ್ನು ಪ್ರವೇಶಿಸಿ, ಗುರುತು ಸಿಕ್ಕಿದ ಮೇಲೆ ನಿರ್ಗಮಿಸುತ್ತವೆ. ಅದನ್ನು ಅನುಸರಿಸಿ 1636ರಲ್ಲಿ ಸಮಯಸಾರ ನಾಟಕವನ್ನು ಹಿಂದಿಯಲ್ಲಿ ರಚಿಸಿದ ಬನಾರಸೀದಾಸನು ವೃತ್ತಿಯಿಂದ ವ್ಯಾಪಾರಿಯೇ ಆಗಿದ್ದನು. ನಾಟಕವನ್ನು ನಮ್ಮವರು ಹೀನವೆಂದು ಕಂಡಿದ್ದರೆ ಅಧ್ಯಾತ್ಮದ ಅತಿ ಗಹನವಾದ ಗ್ರಂಥಕ್ಕೆ ಆ ರೂಪವನ್ನು ಕೊಡುತ್ತಿರಲಿಲ್ಲ.

ಕಲಿಸುವ ಬಗೆಯ ಮಾತಿಗೆ ಬರೋಣ. ಕರ್ನಾಟಕದಲ್ಲಿ ನಾಟಕವನ್ನು ಶಿಸ್ತಿನಿಂದ ಕಲಿಸುವ ಸಂಸ್ಥೆಗಳಿವೆ. 1949ರಲ್ಲಿ ಹೆಗ್ಗೋಡಿನಲ್ಲಿ ಆರಂಭವಾದ ನೀನಾಸಮ್ 1980ರಲ್ಲಿ ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಮೈಸೂರಿನ ರಂಗಾಯಣವು 1989ರಲ್ಲಿ ಬಿ. ವಿ. ಕಾರಂತರ ನಿರ್ದೇಶನದಲ್ಲಿ ಹುಟ್ಟಿತು. ಅಲ್ಲಿ ಕಲಿತವರು ಹಳ್ಳಿಗಳಿಗೂ ಶಾಲೆಗಳಿಗೂ ಹೋಗಿ ಮಕ್ಕಳಿಗೆ ಕಲಿಸಿದ್ದಾರೆ. ಅವರಿಂದ ನಮ್ಮ ಪಾಠಶಾಲೆಗಳು ಪಡೆಯಬೇಕಾದುದು ಬಹಳವಿದೆ. ಕೊಡಬೇಕಾದುದೂ ಕೊಂಚ ಇದೆ. ಜಿನಾಲಯದ ಹೊಸ್ತಿಲಲ್ಲಿ ಶ್ರಾವಕನು ಮೂರು ಸಲ “ನಿಸ್ಸಹಿ” ಎಂದು ಉಚ್ಚರಿಸಿ ಹೊರಗಿನ ವ್ಯವಹಾರವನ್ನು ಹೊರಗೇ ಬಿಟ್ಟು ಒಳಹೋಗುತ್ತಾನೆ. ಹೊರಡುವಾಗ “ಆಸಹಿ” ಎನ್ನುತ್ತಾನೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಅರಿತು ದಾಟುವ ಅಭ್ಯಾಸವಿದು, ಮಗುವಿಗೂ ಬರುವಂಥದು. ಪರದೆಯ ಅಂಚಿನಲ್ಲಿ ನಿಂತ ಹುಡುಗನು ಅಂತಹ ಒಂದು ಕ್ಷಣ ನಿಲ್ಲುವುದನ್ನು ಕಲಿತರೆ, ಅವನ ಕಣ್ಣು ಸಭೆಯಲ್ಲಿ ಅಮ್ಮನನ್ನು ಹುಡುಕುವುದು ಅರ್ಧಕ್ಕರ್ಧ ಕಡಿಮೆಯಾದೀತು. ಪಾತ್ರ ಮುಗಿಸಿ ಬಂದೊಡನೆ ಬಣ್ಣ ಒರೆಸುವ ಮೊದಲು ಕಾಯೋತ್ಸರ್ಗದಲ್ಲಿ ಒಂಬತ್ತು ಣಮೋಕಾರ, 27 ಉಸಿರಾಟಗಳಷ್ಟು ಹೊತ್ತು. ಕಮಠನ ಪಾತ್ರವನ್ನು ಹುಡುಗನಿಗೆ ಕೊಡಬಹುದು. ಆದರೆ ಅವನು ಕಮಠನಾಗಿಯೇ ಊಟದ ಪಂಕ್ತಿಗೆ ಓಡಲು ಬಿಡಬಾರದು. ಗೆಳೆಯರು ಅವನನ್ನು ವಾರಗಟ್ಟಲೆ ಕಮಠನೆಂದೇ ಕರೆದು ಛೇಡಿಸುವುದನ್ನೂ ಗುರುಗಳು ತಡೆಯಬೇಕು. ಅಪಾಯವು ಪಾತ್ರದಲ್ಲಿರುವುದಕ್ಕಿಂತ ಅದು ಕಳಚದೆ ಉಳಿಯುವುದರಲ್ಲಿದೆ.

ಪ್ರೇಕ್ಷಕನ ಏಕಾಗ್ರತೆಯ ಮಾತೂ ಒಂದಿದೆ. 941ರಲ್ಲಿ ಪಂಪನು ಆದಿಪುರಾಣದಲ್ಲಿ ಚಿತ್ರಿಸಿದ ನೀಲಾಂಜನೆಯ ಪ್ರಸಂಗವನ್ನು ಅರಿಯದ ಕನ್ನಡ ಜೈನರಿಲ್ಲ. ಆಯುಷ್ಯ ತೀರಲಿರುವ ನರ್ತಕಿಯನ್ನು ಇಂದ್ರನು ಬೇಕೆಂದೇ ಆದಿದೇವನ ಸಭೆಯಲ್ಲಿ ಕುಣಿಸುತ್ತಾನೆ. ಕುಣಿಯುತ್ತಿರುವಾಗಲೇ ಅವಳು ಮಿಂಚಿನಂತೆ ಇಲ್ಲವಾಗುತ್ತಾಳೆ. ರಸಭಂಗವಾಗದಂತೆ ಇಂದ್ರನು ತತ್‌ಕ್ಷಣ ಅವಳಂತೆಯೇ ಇರುವ ಇನ್ನೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಯೆಲ್ಲ ಕಣ್ಣಿಟ್ಟು ನೋಡುತ್ತಿತ್ತು, ಯಾರಿಗೂ ತಿಳಿಯಲಿಲ್ಲ. ಆದಿದೇವನೊಬ್ಬನಿಗೆ ತಿಳಿಯಿತು. ಇಲ್ಲಿಯೂ ಮೈಮರೆತವರೆಲ್ಲ ಏಕಾಗ್ರರೇ ಆಗಿದ್ದರು. ಎಚ್ಚರಿದ್ದವನು ಮಾತ್ರ ನರ್ತಕಿಯ ಸಾವನ್ನು ಕಂಡನು, ಕಂಡು ಹೊರಟನು.

ಇದೇ ನೀಲಾಂಜನೆಯ ನೃತ್ಯವನ್ನು ಪಂಚಕಲ್ಯಾಣದಲ್ಲಿ ದೀಕ್ಷಾ ಕಲ್ಯಾಣಕ್ಕೆ ಮುನ್ನ ಆಡಿಸುತ್ತಾರೆ. ಸೌಧರ್ಮೇಂದ್ರ, ಕುಬೇರ, ತೀರ್ಥಂಕರರ ಮಾತಾಪಿತೃಗಳ ಪಾತ್ರ ವಹಿಸುವವರಿಗೆ ಆ ದಿನಗಳಲ್ಲಿ ಬ್ರಹ್ಮಚರ್ಯ, ಮಿತಾಹಾರ ಮೊದಲಾದ ನಿಯಮಗಳನ್ನು ಪ್ರತಿಷ್ಠಾಚಾರ್ಯರು ವಿಧಿಸುತ್ತಾರೆ. ಪಾತ್ರಕ್ಕೆ ಮೊದಲು ವ್ರತವನ್ನು ಇಟ್ಟಿರುವ ಈ ವ್ಯವಸ್ಥೆಯ ಹಿಂದಿನ ವಿವೇಕವನ್ನು ಬ್ರಹ್ಮಗುಲಾಲನ ಎರಡನೆಯ ವೇಷದಲ್ಲಿ ಕಂಡೆವು. ಆದರೆ ನಡೆದಿರುವುದೇನು? ಪಾತ್ರಗಳು ಸವಾಲಿನಲ್ಲಿ ನಿಶ್ಚಯವಾಗುತ್ತವೆ. ಬಸದಿಯ ಕಾರ್ಯಕ್ಕೆ ಹಣ ಬೇಕು, ಸವಾಲನ್ನು ನಿಲ್ಲಿಸಿರೆಂದು ಟ್ರಸ್ಟಿನವರಿಗೆ ಹೇಳುವುದು ಸುಲಭವಲ್ಲ. ಹಣದಿಂದ ಕಿರೀಟ ದೊರೆಯಿತೆಂದು ಅದಕ್ಕೆ ಬೇಕಾದ ಮನಸ್ಸೂ ದೊರೆಯಿತೆಂದು ತಿಳಿಯುವುದು ಮಾತ್ರ ತಪ್ಪು. ಕಿರೀಟ ಧರಿಸಿದ ಇಂದ್ರನು ಜನ್ಮಾಭಿಷೇಕದ ನಡುವೆ ಮೊಬೈಲಿನಲ್ಲಿ ಮಾತಾಡುವುದನ್ನೂ, ಇಂದ್ರಾಣಿಯು ಮಂಗಲಕಲಶ ಹಿಡಿದು ಫೋಟೋದವನ ಸನ್ನೆಗೆ ಮೂರು ಸಲ ತಿರುಗಿ ನಿಲ್ಲುವುದನ್ನೂ ಈಗ ಎಲ್ಲರೂ ನೋಡಿದ್ದಾರೆ. ಬಕ್ಷೀಸಿಗೆ ಕೈಮುಗಿದ ಚಂದ್ರಮತಿಯಾದರೂ ಮರಳಿ ಅಳಬಲ್ಲವಳಾಗಿದ್ದಳು.

ನೃತ್ಯವನ್ನು ಇಬ್ಬರು ಬಾಲಕಿಯರಿಂದ ಆಡಿಸುವಲ್ಲಿ ಎರಡನೆಯವಳ ಕೆಲಸವೇ ಹೆಚ್ಚು ಕಠಿಣವಾದುದು. ಮೊದಲಿನವಳು ಕುಣಿಯುವಷ್ಟು ಹೊತ್ತೂ ಅವಳು ಮರೆಯಲ್ಲಿ ಅದೇ ಉಡುಪಿನಲ್ಲಿ ನಿಂತು ಒಂದೊಂದು ತಾಳವನ್ನೂ ಮನಸ್ಸಿನಲ್ಲಿ ಹಿಂಬಾಲಿಸುತ್ತಿರಬೇಕು. ದೀಪವಾರಿ ಹೊತ್ತುವಷ್ಟರಲ್ಲಿ ಅದೇ ಹೆಜ್ಜೆಯ ಮೇಲೆ ಬಂದು ನಿಲ್ಲಬೇಕು. ಸಭೆಯು ಅವಳನ್ನು ಬೇರೆಯವಳೆಂದು ಗುರುತಿಸಬಾರದು, ಚಪ್ಪಾಳೆ ಬಂದರೂ ಅದು ಅವಳ ಹೆಸರಿಗೆ ಬಾರದು. ಮಾನಕಷಾಯಕ್ಕೆ ಎಡೆಯೇ ಇಲ್ಲದ ಇಂತಹ ಪಾತ್ರ ಇಡೀ ಮಹೋತ್ಸವದಲ್ಲಿ ಇನ್ನೊಂದಿಲ್ಲ. ಅದಕ್ಕೆ ಸವಾಲೂ ಇಲ್ಲ.

ಟ್ರಸ್ಟಿನವರು ಒಂದು ಕೆಲಸ ಮಾಡಬಹುದು, ಖರ್ಚಿನದಲ್ಲ. ಉತ್ಸವದ ಹಿಂದಿನ ಸಂಜೆ ಇಂದ್ರ ಇಂದ್ರಾಣಿಯರಾಗುವ ದಂಪತಿಗಳನ್ನೂ ಈ ಇಬ್ಬರು ಬಾಲಕಿಯರನ್ನೂ ಅದೇ ಮಂಟಪದಲ್ಲಿ, ಶಾಮಿಯಾನ ಕಟ್ಟುವವರ ಸುತ್ತಿಗೆಯ ಸದ್ದೂ ಮೈಕು ಪರೀಕ್ಷಿಸುವವರ ಗದ್ದಲವೂ ನಡೆದಿರುವಾಗಲೇ, 48 ನಿಮಿಷಗಳ ಒಂದು ಸಾಮಾಯಿಕಕ್ಕೆ ಕೂರಿಸಬೇಕು. ಸದ್ದು ನಿಲ್ಲಿಸಿರೆಂದು ಯಾರಿಗೂ ಹೇಳಬೇಕಾಗಿಲ್ಲ. ಮೊಬೈಲುಗಳನ್ನು ಚೀಟಿ ಬರೆದು ಪೆಟ್ಟಿಗೆಯಲ್ಲಿಟ್ಟುಕೊಳ್ಳಲು ಕಚೇರಿಯ ಗುಮಾಸ್ತನೊಬ್ಬ ಸಾಕು.